ಕೀಲುವಾತ: ಮೈಕಾವಲಿಗೆ ತಪ್ಪಿ ಹೋದ ಸಂದೇಶ



ರತ್ನಗಿರಿ, ರೊಳ್ಳ, ಅಗಳಿ, ಅಮರಾಪುರದ ಕಡೆಯಾಗಲಿ, ರಾಯದುರ್ಗ, ಡಿ. ಹಿರೇಹಾಳು, ಬೊಮ್ಮನಹಾಳು ಕಡೆಯಾಗಲಿ, ನಮ್ಮಲ್ಲಿ ಕೀಲುನೋವಿಗೆ ಹೆಸರುಗಳ ಬರವೇನೂ ಇಲ್ಲ. ಕನ್ನಡದ ಮನೆಯಲ್ಲಿ ವಾಯು, ವಾತ, ಕೀಲುವಾತ ಎನ್ನುತ್ತೇವೆ. ಎದುರುಮನೆಯವರು ಕೀಳ್ಳ ನೊಪ್ಪುಲು, ಕೀಳ್ಳವಾತಂ ಎನ್ನುತ್ತಾರೆ. ಮಡಕಶಿರಾ ಸೀಮೆ 2022ರಲ್ಲಿ ಅನಂತಪುರ ಜಿಲ್ಲೆಯಿಂದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು, ರಾಯದುರ್ಗ ಅನಂತಪುರದಲ್ಲೇ ಉಳಿಯಿತು. ಜಿಲ್ಲೆ ಯಾವುದಾದರೇನು, ನೋವು ಮಾತ್ರ ಎರಡೂ ಕಡೆ ಒಂದೇ. ಆದರೆ ಈ ಒಂದೇ ಹೆಸರಿನ ಕೆಳಗೆ ನಾಲ್ಕು ಬೇರೆ ಬೇರೆ ಕಾಯಿಲೆಗಳನ್ನು ನಾವು ಕಟ್ಟಿ ಹಾಕಿದ್ದೇವೆ. ಅವುಗಳಲ್ಲಿ ಒಂದಕ್ಕೆ ಕಾಯುತ್ತಾ ಕೂರಲು ಸಮಯವಿಲ್ಲ. ಇವತ್ತು ನಾನು ಹೇಳಹೊರಟಿರುವುದು ಅದರ ವಿಷಯ.

ನಾನು ವೈದ್ಯನಲ್ಲ. ಮೆಟ್ರಿಕ್ ಮುಗಿಸಿ ಬ್ಯಾಂಕಿನಲ್ಲಿ ಗುಮಾಸ್ತನಾಗಿ ದುಡಿದು ನಿವೃತ್ತನಾದವನು. ವೈದ್ಯರು ಹೇಳಿದ್ದನ್ನು ಕೇಳಿ, ಓದಿ ತಿಳಿದುಕೊಂಡದ್ದನ್ನು ನನ್ನ ಲೆಕ್ಕಪುಸ್ತಕದ ಭಾಷೆಯಲ್ಲಿ ನಿಮಗೆ ಹೇಳುತ್ತೇನೆ.

ಮೊದಲು ಆ ನಾಲ್ಕನ್ನು ಬೇರೆ ಮಾಡೋಣ. ವಯಸ್ಸಾದ ಮೇಲೆ ಮಂಡಿ ಸವೆದು ಬರುವ ನೋವು ಒಂದು. ಅದು ಕೆಲಸ ಮಾಡಿದಷ್ಟೂ ಹೆಚ್ಚುತ್ತದೆ, ಕುಳಿತರೆ ಕಡಿಮೆಯಾಗುತ್ತದೆ. ಎರಡನೆಯದು ನಮ್ಮ ಸೀಮೆಯ ಶಾಪವಾದ ಫ್ಲೋರೈಡ್ ನೀರಿನದು. ಪಾವಗಡ, ಅನಂತಪುರದ ಕೊಳವೆಬಾವಿಗಳಲ್ಲಿ ಆಳಕ್ಕೆ ಹೋದಂತೆ ಫ್ಲೋರೈಡ್ ಬರುತ್ತದೆ. ಲೀಟರಿಗೆ ಒಂದೂವರೆ ಮಿಲಿಗ್ರಾಂ ಮೀರಿದ ನೀರನ್ನು ವರ್ಷಾನುಗಟ್ಟಲೆ ಕುಡಿದರೆ ಹಲ್ಲು ಕಂದು ಬಣ್ಣವಾಗುತ್ತದೆ, ಬೆನ್ನು ಹಲಗೆಯಂತೆ ಸೆಟೆಯುತ್ತದೆ. ಅದು ಮೂಳೆಯಲ್ಲಿ ಖನಿಜ ಕೂತು ಬರುವ ಕಾಯಿಲೆ. ಅದಕ್ಕೆ ಒಳ್ಳೆಯ ನೀರೇ ಮುಖ್ಯ ಔಷಧ. ಮೂರನೆಯದು ಚಿಕೂನ್‌ಗುನ್ಯ. 2005ರ ಕೊನೆಗೆ ಆಂಧ್ರದಲ್ಲಿ ಕಾಣಿಸಿಕೊಂಡು 2006ರಲ್ಲಿ ಕರ್ನಾಟಕವನ್ನೂ ಹಿಡಿದು ದೇಶದಲ್ಲಿ 13 ಲಕ್ಷಕ್ಕೂ ಹೆಚ್ಚು ಜನರನ್ನು ಮಲಗಿಸಿದ ಜ್ವರ ಅದು. ಆಫ್ರಿಕದ ಒಂದು ಭಾಷೆಯಲ್ಲಿ ಆ ಹೆಸರಿಗೆ ಬಗ್ಗಿಹೋಗುವುದು ಎಂದೇ ಅರ್ಥವಂತೆ. ಜ್ವರ ಬಿಟ್ಟ ಮೇಲೂ ತಿಂಗಳುಗಟ್ಟಲೆ ಕೀಲು ಹಿಡಿದವರು ನಮ್ಮ ಪ್ರತಿ ಊರಿನಲ್ಲೂ ಇದ್ದರು. ಬಹುಪಾಲು ಜನರಿಗೆ ಅದು ತಾನಾಗಿ ಇಳಿಯಿತು. ಅಲ್ಲಿಂದ ನಮ್ಮವರಿಗೆ ಒಂದು ಅಭ್ಯಾಸ ಉಳಿಯಿತು. ಕೀಲು ಹಿಡಿದರೆ ಇಂದಲ್ಲ ನಾಳೆ ಬಿಡುತ್ತದೆ ಎಂದು ಕಾಯುವ ಅಭ್ಯಾಸ.

ನಾಲ್ಕನೆಯದು ಹಾಗೆ ಬಿಡುವುದಿಲ್ಲ. ಇಂಗ್ಲಿಷಿನಲ್ಲಿ ಇದಕ್ಕೆ ರುಮಟಾಯ್ಡ್ ಆರ್ಥ್ರೈಟಿಸ್ ಎನ್ನುತ್ತಾರೆ. ಕೈಬೆರಳಿನ ಬುಡದ ಗಿಣ್ಣು, ಮಣಿಕಟ್ಟು, ಕಾಲ್ಬೆರಳಿನ ಬುಡ, ಇಂಥ ಸಣ್ಣ ಕೀಲುಗಳನ್ನು ಇದು ಹಿಡಿಯುತ್ತದೆ, ಸಾಮಾನ್ಯವಾಗಿ ಎಡಗೈ ಬಲಗೈ ಎರಡನ್ನೂ. ಒತ್ತಿದರೆ ಮೆತ್ತಗೆ ಊದಿಕೊಂಡಿರುತ್ತದೆ. ರಾತ್ರಿ ಮಲಗಿ ಎದ್ದಾಗಲೇ ನೋವು ಹೆಚ್ಚು. ಪೊದ್ದುನ್ನೇ ವೇಳ್ಳು ಮುಡುಚುಕೋವು ಎಂದು ತೆಲುಗಿನ ತಾಯಂದಿರು ಹೇಳುವುದು ಇದನ್ನೇ. ಬೆಳಗ್ಗೆ ಚೊಂಬು ಹಿಡಿಯಲಾಗದು, ಹಸುವಿನ ಮೊಲೆ ಹಿಂಡಲಾಗದು, ಒಂದು ಗಂಟೆ ಕಳೆದು ಬಿಸಿಲೇರಿದ ಮೇಲೆ ಬೆರಳು ಸ್ವಲ್ಪ ಬಿಡುತ್ತದೆ. ಹೆಂಗಸರಿಗೆ ಇದು ಗಂಡಸರಿಗಿಂತ ಎರಡು ಮೂರು ಪಟ್ಟು ಹೆಚ್ಚು ಬರುತ್ತದೆ. ದೆಹಲಿಯ ಬಳಿ ಬಲ್ಲಭಗಢದ ಹಳ್ಳಿಗಳಲ್ಲಿ ಮನೆಮನೆ ಪರೀಕ್ಷಿಸಿ 1993ರಲ್ಲಿ ಪ್ರಕಟಿಸಿದ ಲೆಕ್ಕದಂತೆ ವಯಸ್ಕರಲ್ಲಿ ಸಾವಿರಕ್ಕೆ ಏಳೆಂಟು ಜನ. ಅಂದರೆ ನಮ್ಮ ದೊಡ್ಡ ಊರೊಂದರಲ್ಲಿ ಹತ್ತಿಪ್ಪತ್ತು ಮಂದಿ ಇದ್ದೇ ಇರುತ್ತಾರೆ ಎಂದಾಯಿತು. ಕಡಲೆಕಾಯಿ ಸುಲಿಯಲಾಗದೆ ಹಿಂದೆ ಸರಿದವಳು, ರಾಯದುರ್ಗದ ಗಾರ್ಮೆಂಟಿನಲ್ಲಿ ಕತ್ತರಿ ಹಿಡಿಯಲಾಗದೆ ಕೆಲಸ ಬಿಟ್ಟವಳು, ಇವರನ್ನು ಮೈಗಳ್ಳರೆಂದು ಅಂದುಬಿಡುವ ಮುಂಚೆ ಈ ಮಾತನ್ನು ನೆನೆಯಿರಿ.

ಈ ಕಾಯಿಲೆಯಲ್ಲಿ ಹೊರಗಿನ ಕ್ರಿಮಿಯೊಂದು ಕೀಲಿನಲ್ಲಿ ಕೂತು ಕಡಿಯುತ್ತಿರುವುದಿಲ್ಲ. ನಮ್ಮ ರಕ್ತದ ಬಿಳಿ ಕಣಗಳೇ, ಅಂದರೆ ನಮ್ಮ ಮೈಕಾವಲಿನವರೇ, ನಮ್ಮ ಕೀಲನ್ನು ಶತ್ರುವೆಂದು ತಿಳಿದು ಹೊಡೆಯುತ್ತಿರುತ್ತಾರೆ. ಕಾವಲಿನವನಿಗೆ ಹುಚ್ಚು ಹಿಡಿದಿದೆಯೇ ಎಂದರೆ ಹಾಗಲ್ಲ. ಅವನಿಗೆ ಬಂದ ಸಂದೇಶವೇ ತಪ್ಪು.

ಬ್ಯಾಂಕಿನ ಹಣದ ಪೆಟ್ಟಿಗೆಯನ್ನು ನೋಡಿದವರು ಬಲ್ಲಿರಿ. ಅದಕ್ಕೆ ಎರಡು ಬೀಗದ ಕೈ. ಒಂದು ಕ್ಯಾಷಿಯರ ಬಳಿ, ಇನ್ನೊಂದು ಮ್ಯಾನೇಜರ ಬಳಿ. ಇಬ್ಬರೂ ಒಟ್ಟಿಗೆ ಬಂದು ತಿರುಗಿಸದೆ ಪೆಟ್ಟಿಗೆ ತೆರೆಯದು. ನಮ್ಮ ದೇಹವೂ ಇಂಥದೇ ವ್ಯವಸ್ಥೆ ಮಾಡಿಕೊಂಡಿದೆ. ಬಿಳಿ ಕಣಗಳಲ್ಲಿ ಟಿ ಕಣ ಎಂಬ ಒಂದು ಜಾತಿ ಇದೆ. ಮಿಕ್ಕ ಕಾವಲಿನವರಿಗೆ ಅಪ್ಪಣೆ ಕೊಡುವುದರಲ್ಲಿ ಇದರ ಪಾತ್ರ ದೊಡ್ಡದು. ಬೇರೊಂದು ಜಾತಿಯ ಕಣ ಅಲ್ಲಿ ಇಲ್ಲಿ ಸಿಕ್ಕಿದ ಚೂರುಗಳನ್ನು ತಟ್ಟೆಯಲ್ಲಿಟ್ಟು ಟಿ ಕಣಕ್ಕೆ ತೋರಿಸುತ್ತದೆ. ಆ ಚೂರು ತನಗೆ ಹೊಂದಿದರೆ ಟಿ ಕಣಕ್ಕೆ ಮೊದಲ ಕೈ ತಿರುಗಿದಂತೆ. ಆದರೆ ಅಷ್ಟಕ್ಕೇ ಅದು ಹೊರಡುವುದಿಲ್ಲ. ತಟ್ಟೆ ಹಿಡಿದ ಕಣ ತಾನೂ ಅಪಾಯವನ್ನು ಕಂಡಿದ್ದು, ‘ಹೌದು, ಇದು ಶತ್ರು’ ಎಂದು ತನ್ನ ಮೈಮೇಲಿನ ಇನ್ನೊಂದು ಗುರುತನ್ನು ಎತ್ತಿ ಹಿಡಿಯಬೇಕು. ಅದು ಎರಡನೆಯ ಕೈ. ಎರಡೂ ಸೇರಿದರೆ ಟಿ ಕಣ ಎದ್ದು ನಿಂತು ತನ್ನಂತಹ ಸಾವಿರಾರು ಕಣಗಳಾಗಿ ಬೆಳೆಯುತ್ತದೆ. ಮೊದಲನೆಯದು ಮಾತ್ರ ತಿರುಗಿ ಎರಡನೆಯದು ಬಾರದಿದ್ದರೆ ಆ ಕಣ ಮಂಕಾಗಿ ಕೂತುಬಿಡುತ್ತದೆ. ಸ್ವಂತ ಮೈಯನ್ನು ಗುರುತಿಸಿಬಿಡುವ ಟಿ ಕಣಗಳು ಎಲ್ಲರ ರಕ್ತದಲ್ಲೂ ಒಂದಷ್ಟು ಇರುತ್ತವೆ. ನಾವು ಆರೋಗ್ಯವಾಗಿ ಓಡಾಡಿಕೊಂಡಿರುವುದಕ್ಕೆ ಈ ಎರಡನೆಯ ಕೈ ಸಿಗದಿರುವುದೂ ಒಂದು ಕಾರಣ.

ಕೀಲುವಾತದಲ್ಲಿ ಇದು ಎಡವುವುದು ಹೀಗೆ ಎಂದು ವಿಜ್ಞಾನಿಗಳು ಭಾವಿಸುತ್ತಾರೆ. ಬೀಡಿ, ಸಿಗರೇಟಿನ ಹೊಗೆ ಶ್ವಾಸಕೋಶದಲ್ಲಿ ತಾಗಿದಾಗ, ಇಲ್ಲವೇ ಒಸಡು ಕೊಳೆತಾಗ, ನಮ್ಮದೇ ಪ್ರೋಟೀನಿನ ರೂಪ ಕೊಂಚ ಬದಲಾಗುತ್ತದೆ. ಅದೇ ಜಾಗದಲ್ಲಿ ಗಾಯವಾಗಿ ಅಪಾಯದ ಗಂಟೆಯೂ ಬಾರಿಸುತ್ತಿರುತ್ತದೆ. ತಟ್ಟೆಯ ಮೇಲೆ ನಮ್ಮದೇ ಚೂರು, ಪಕ್ಕದಲ್ಲಿ ಎತ್ತಿ ಹಿಡಿದ ಎರಡನೆಯ ಗುರುತು. ಪೆಟ್ಟಿಗೆ ತೆರೆದುಕೊಳ್ಳುತ್ತದೆ. ಈ ತಟ್ಟೆಯ ಆಕಾರ ವಂಶದಿಂದ ಬರುವುದರಿಂದ ಕೆಲವು ಮನೆತನಗಳಿಗೆ ಅಪಾಯ ಹೆಚ್ಚು. ಹಾಗೆಂದು ತಾಯಿಗೆ ಇದ್ದರೆ ಮಗಳಿಗೆ ಬಂದೇ ಬರುತ್ತದೆಂದಲ್ಲ, ಸಂಬಂಧ ನೋಡುವಾಗ ಇದನ್ನೊಂದು ಕುಂದೆಂದು ಎಣಿಸುವುದು ಶುದ್ಧ ತಪ್ಪು. ಬದಲಾದ ಈ ಪ್ರೋಟೀನಿನ ವಿರುದ್ಧದ ಪ್ರತಿಕಾಯಗಳು ನೋವು ಶುರುವಾಗುವ ಎಷ್ಟೋ ವರ್ಷ ಮುಂಚೆಯೇ ಕೆಲವರ ರಕ್ತದಲ್ಲಿ ಕಾಣಿಸಿಕೊಳ್ಳುತ್ತವೆ. ವೈದ್ಯರು ಬರೆದುಕೊಡುವ ಆಂಟಿ ಸಿಸಿಪಿ ಪರೀಕ್ಷೆ ಹುಡುಕುವುದು ಇವುಗಳನ್ನೇ.

ಅಪ್ಪಣೆ ಹೊರಟ ಮೇಲೆ ಅದು ಕಣದಿಂದ ಕಣಕ್ಕೆ ಹೋಗಬೇಕಲ್ಲ? ಅದಕ್ಕೆ ಕಣಗಳು ಕೆಲವು ರಾಸಾಯನಿಕಗಳನ್ನು ಹೊರಸೂಸುತ್ತವೆ. ಅವನ್ನು ತಂತಿ ಸಮಾಚಾರವೆಂದು ತಿಳಿಯಿರಿ. ಟಿ.ಎನ್.ಎಫ್. ಎಂಬುದು ಒಂದು ತಂತಿ, ಇಂಟರ್‌ಲ್ಯೂಕಿನ್ 6 ಎಂಬುದು ಇನ್ನೊಂದು. ಇವು ಕೀಲಿನ ಒಳಪೊರೆಗೆ ತಲುಪಿದರೆ ಆ ತೆಳುಪೊರೆ ಊದಿ, ದಪ್ಪವಾಗಿ, ಕಳೆಗಿಡದಂತೆ ಬೆಳೆದು ಪಕ್ಕದ ಮೃದ್ವಸ್ಥಿಯನ್ನು ತಿನ್ನತೊಡಗುತ್ತದೆ. ಮೂಳೆ ಕರಗಿಸುವ ಕಣಗಳಿಗೂ ಅಪ್ಪಣೆ ಹೋಗುತ್ತದೆ. ಊದಿದ ಪೊರೆ ಇನ್ನಷ್ಟು ತಂತಿ ಕಳಿಸುತ್ತದೆ, ಆ ತಂತಿಗೆ ಇನ್ನಷ್ಟು ಕಣಗಳು ಬಂದು ಸೇರುತ್ತವೆ. ಹೀಗೆ ತನ್ನ ಬಡ್ಡಿಯ ಮೇಲೆ ತಾನೇ ಬಡ್ಡಿ ಹಾಕಿಕೊಂಡು ಬೆಳೆಯುವ ಸಾಲ ಇದು. ಮೊದಲ ಕೆಲವು ತಿಂಗಳಲ್ಲಿ ತಡೆದರೆ ಕೀಲು ಉಳಿಯುತ್ತದೆ. ಕರಗಿದ ಮೂಳೆ ಮಾತ್ರ ಯಾವ ಔಷಧಿಗೂ ಮೊದಲಿನಂತೆ ತಿರುಗಿ ಬಾರದು.

ನಾನು ಕೌಂಟರಿನಲ್ಲಿದ್ದ ಕಾಲಕ್ಕೆ ಪಿಂಚಣಿ ತೆಗೆಯಲು ಬರುತ್ತಿದ್ದ ನಿವೃತ್ತ ಉಪಾಧ್ಯಾಯಿನಿಯೊಬ್ಬರು ಇದ್ದರು. ಮಾದರಿ ಸಹಿಯ ಕಾರ್ಡಿನಲ್ಲಿ ಅವರ ಸಹಿ ಮುತ್ತು ಪೋಣಿಸಿದಂಥ ದುಂಡು ಅಕ್ಷರ. ವರ್ಷದಿಂದ ವರ್ಷಕ್ಕೆ ಅದು ಒರಗುತ್ತಾ, ಅಂಕುಡೊಂಕಾಗುತ್ತಾ ಬಂತು. ಬೆರಳುಗಳೆಲ್ಲ ಗಾಳಿಗೆ ಬಾಗಿದ ಜೋಳದ ದಂಟಿನಂತೆ ಕಿರುಬೆರಳಿನ ಕಡೆಗೆ ವಾಲಿದ್ದವು. ಕೊನೆಗೆ ಸಾಕ್ಷಿಗಳ ಮುಂದೆ ಹೆಬ್ಬೆಟ್ಟು ಒತ್ತುವ ಏರ್ಪಾಡಾಯಿತು. ನಿಯಮದಲ್ಲಿ ಅದಕ್ಕೆ ಅವಕಾಶವಿದೆ, ಹಣಕ್ಕೇನೂ ತೊಂದರೆಯಾಗಲಿಲ್ಲ. ಆದರೆ ಊರಿನ ಅರ್ಧ ಮಕ್ಕಳಿಗೆ ಅಕ್ಷರ ತಿದ್ದಿಸಿದ ಕೈ ಅದು. ಶಾಯಿ ಹಚ್ಚುವಾಗ ಅವರು ಬೇರೆ ಕಡೆ ನೋಡುತ್ತಿದ್ದರು. ಅವರು ವರ್ಷಾನುಗಟ್ಟಲೆ ಸಂತೆಯಲ್ಲಿ ಸಿಗುವ ಪುಡಿಯ ಪೊಟ್ಟಣವನ್ನು ನುಂಗಿದ್ದರೆಂದು ಆಮೇಲೆ ತಿಳಿಯಿತು.

ಆ ಪುಡಿಯ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. 1948ರ ಸೆಪ್ಟೆಂಬರಿನಲ್ಲಿ ಅಮೆರಿಕದ ಮೇಯೋ ಕ್ಲಿನಿಕ್ಕಿನಲ್ಲಿ ಫಿಲಿಪ್ ಹೆಂಚ್ ಎಂಬ ವೈದ್ಯರು ಹಾಸಿಗೆ ಹಿಡಿದಿದ್ದ ಕೀಲುವಾತದ ಹೆಂಗಸೊಬ್ಬರಿಗೆ ಕಾರ್ಟಿಸೋನ್ ಚುಚ್ಚಿದರು. ಕೆಲವೇ ದಿನಗಳಲ್ಲಿ ಆಕೆ ಎದ್ದು ನಡೆದರು. ಪವಾಡವೆಂದು ಜಗತ್ತು ಬೆರಗಾಯಿತು, 1950ರಲ್ಲಿ ನೊಬೆಲ್ ಬಹುಮಾನವೂ ಬಂತು. ಆದರೆ ಹೆಚ್ಚು ಪ್ರಮಾಣದಲ್ಲಿ ತಿಂಗಳುಗಟ್ಟಲೆ ತೆಗೆದುಕೊಂಡವರ ಮುಖ ಊದಿತು, ಮೂಳೆ ಟೊಳ್ಳಾಯಿತು, ಸಕ್ಕರೆ ಕಾಯಿಲೆ, ಸೋಂಕು ಎಲ್ಲ ಬಂದವು. ಇದೇ ಸ್ಟೀರಾಯ್ಡ್ ಜಾತಿಯ ಔಷಧಿಯನ್ನು ಕುಟ್ಟಿ, ನಾಟಿ ಔಷಧಿಯೆಂದು ಹೆಸರು ಹೇಳದೆ ಮಾರುವವರಿದ್ದಾರೆ. ಎರಡು ದಿನದಲ್ಲಿ ನೋವು ಮಾಯವಾಗುವುದರಿಂದ ಜನ ಮುಗಿಬೀಳುತ್ತಾರೆ. ವೈದ್ಯರೂ ಸ್ಟೀರಾಯ್ಡ್ ಕೊಡುವುದುಂಟು, ಅಳೆದು, ಅಲ್ಪಕಾಲಕ್ಕೆ. ಪುಡಿಯಲ್ಲಿ ಅಳತೆಯೂ ಇಲ್ಲ, ಹೆಸರೂ ಇಲ್ಲ. ಇನ್ನೊಂದು ಎಚ್ಚರಿಕೆ: ಬಹುಕಾಲ ಇಂಥದನ್ನು ತಿಂದವರು ಈ ಮಾತು ಕೇಳಿ ನಾಳೆಯೇ ದಿಢೀರೆಂದು ನಿಲ್ಲಿಸಬಾರದು. ಮೈಯಲ್ಲಿ ತಾನಾಗಿ ಹುಟ್ಟಬೇಕಾದ ಸ್ಟೀರಾಯ್ಡ್ ಅಷ್ಟು ಹೊತ್ತಿಗೆ ನಿಂತುಹೋಗಿರುತ್ತದೆ, ಪ್ರಾಣಕ್ಕೇ ಬರಬಹುದು. ಪೊಟ್ಟಣವನ್ನೇ ಕೈಯಲ್ಲಿ ಹಿಡಿದುಕೊಂಡು ವೈದ್ಯರ ಬಳಿಗೆ ಹೋಗಿ.

ಹಾಗಾದರೆ ಬಡವನ ಕೈಗೆಟುಕುವ ಮದ್ದು ಯಾವುದು? ಅದರ ಕಥೆ ಭೀಮಾವರಂನಿಂದ ಶುರುವಾಗುತ್ತದೆ ಎಂದರೆ ನಮ್ಮ ತೆಲುಗು ನೆಂಟರು ಹೆಮ್ಮೆಪಡಬಹುದು. ಅಲ್ಲಿ 1895ರಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಮದರಾಸಿನಲ್ಲಿ ವೈದ್ಯ ಓದಿ, 1923ರಲ್ಲಿ ಅಮೆರಿಕಕ್ಕೆ ಹೋಗಿ, ಲೆಡರ್ಲೆ ಎಂಬ ಔಷಧ ಕಂಪನಿಯ ಸಂಶೋಧನೆಯ ಮುಖ್ಯಸ್ಥರಾದರು. ಅವರ ತಂಡ ಫೋಲಿಕ್ ಆಮ್ಲವನ್ನು ತಯಾರಿಸಿತು. ಅದರ ಬೆನ್ನಿಗೇ ಅದಕ್ಕೆ ಅಡ್ಡಬರುವ ಪದಾರ್ಥಗಳನ್ನೂ ತಯಾರಿಸಿತು. ಅವುಗಳಲ್ಲೊಂದು ಮೆಥೊಟ್ರೆಕ್ಸೇಟ್. ಮಕ್ಕಳ ರಕ್ತದ ಕ್ಯಾನ್ಸರಿಗೆಂದು ಹೊರಟ ಮದ್ದುಗಳ ಸಾಲು ಅದು. ಸುಬ್ಬರಾವ್ 1948ರಲ್ಲೇ ತೀರಿಕೊಂಡರು. ಅದೇ ಜಾತಿಯ ಮದ್ದನ್ನು 1951ರಲ್ಲಿ ಕೀಲುವಾತಕ್ಕೆ ಕೊಟ್ಟು ನೋಡಿದರು, ಆದರೂ ಅದು ಎಲ್ಲರ ಒಪ್ಪಿಗೆ ಪಡೆದು ಕೀಲುವಾತದ ಮೊದಲ ಮದ್ದಾಗಿ ನಿಲ್ಲಲು 1980ರ ದಶಕ ಬರಬೇಕಾಯಿತು. ಕ್ಯಾನ್ಸರಿಗೆ ಕೊಡುವುದಕ್ಕಿಂತ ಬಹಳ ಕಡಿಮೆ ಪ್ರಮಾಣದಲ್ಲಿ, ವಾರಕ್ಕೆ ಒಂದೇ ದಿನ ಕೊಟ್ಟಾಗ, ಅದು ಅಡೆನೊಸಿನ್ ಎಂಬ ಪದಾರ್ಥವನ್ನು ಹೆಚ್ಚಿಸುತ್ತದೆ. ಅಡೆನೊಸಿನ್ ಬಿಳಿ ಕಣಗಳಿಗೆ ‘ಸಾಕು, ನಿಲ್ಲಿಸಿ’ ಎಂಬ ತಂತಿ. ಇದು ಕಚ್ಚಿಕೊಳ್ಳಲು ಆರರಿಂದ ಹನ್ನೆರಡು ವಾರ ಹಿಡಿಯುತ್ತದೆ. ಹದಿನೈದು ದಿನ ನುಂಗಿ ಏನೂ ಆಗಲಿಲ್ಲವೆಂದು ಬಿಟ್ಟುಬಿಡುವವರು ಬಹಳ, ಅಲ್ಲೇ ನಾವು ಮೋಸಹೋಗುವುದು.

ಎರಡನೆಯ ಕೈಯನ್ನೇ ಬಚ್ಚಿಡುವ ಮದ್ದು, ಅಬಾಟಾಸೆಪ್ಟ್ ಅದರ ಹೆಸರು, ಅಮೆರಿಕದಲ್ಲಿ 2005ರಲ್ಲಿ ಕೀಲುವಾತಕ್ಕೆ ಒಪ್ಪಿಗೆ ಪಡೆಯಿತು. ತಂತಿಯನ್ನು ದಾರಿಯಲ್ಲೇ ತಡೆಯುವ ಕೆಲಸ ಅದಕ್ಕೂ ಮುಂಚೆ ಆಗಿತ್ತು. ಲೂಧಿಯಾನದಲ್ಲಿ ಹುಟ್ಟಿದ ರವೀಂದರ್ ಮೈನಿ ಮತ್ತು ಮಾರ್ಕ್ ಫೆಲ್ಡ್‌ಮನ್ ಎಂಬವರು ಲಂಡನ್ನಿನಲ್ಲಿ 1992ರಲ್ಲಿ ಟಿ.ಎನ್.ಎಫ್. ತಡೆಯುವ ಚುಚ್ಚುಮದ್ದನ್ನು ರೋಗಿಗಳಿಗೆ ಮೊದಲು ಕೊಟ್ಟರು. 20 ಜನ ರೋಗಿಗಳ ಫಲಿತಾಂಶ 1993ರಲ್ಲಿ ಹೊರಬಂತು. ಅಷ್ಟೊಂದು ಬಗೆಯ ತಂತಿಗಳಿರುವಾಗ ಒಂದನ್ನು ತಡೆದರೆ ಏನು ಪ್ರಯೋಜನ ಎಂದು ಅನುಮಾನಪಟ್ಟವರೇ ಹೆಚ್ಚಿದ್ದರು. ಆದರೆ ಟಿ.ಎನ್.ಎಫ್. ಮಿಕ್ಕ ತಂತಿಗಳನ್ನೆಲ್ಲ ಹೊರಡಿಸುವ ದೊಡ್ಡ ಕಚೇರಿಯಾಗಿತ್ತು. ಅದನ್ನು ಮುಚ್ಚಿದಾಗ ಉಳಿದವೂ ತಣ್ಣಗಾದವು.

ಈ ಮದ್ದಿನಿಂದ ನಮ್ಮಂಥ ದೇಶಕ್ಕೆ ಒಂದು ಪಾಠವೂ ಸಿಕ್ಕಿತು. ನಮ್ಮಲ್ಲಿ ಎಷ್ಟೋ ಜನರ ಎದೆಗೂಡಿನಲ್ಲಿ ಕ್ಷಯದ ಕ್ರಿಮಿ ಸುಮ್ಮನೆ ಮಲಗಿರುತ್ತದೆ. ಅದರ ಸುತ್ತ ಬಿಳಿ ಕಣಗಳು ಗೋಡೆ ಕಟ್ಟಿ ಕಾಯುತ್ತಿರುತ್ತವೆ. ಆ ಗೋಡೆ ನಿಂತಿರುವುದು ಇದೇ ಟಿ.ಎನ್.ಎಫ್. ತಂತಿಯ ಬಲದ ಮೇಲೆ. ತಂತಿ ಕತ್ತರಿಸಿದರೆ ಗೋಡೆ ಸಡಿಲವಾಗಿ ಕ್ಷಯ ಎದ್ದುಬರಬಹುದು. ಅದಕ್ಕೇ ಈ ಚುಚ್ಚುಮದ್ದಿಗೆ ಮುಂಚೆ ಎದೆಯ ಎಕ್ಸ್‌ರೇ ಮತ್ತು ಕ್ಷಯದ ಪರೀಕ್ಷೆ ಕಡ್ಡಾಯ. ಹಿಂದೆ ಕ್ಷಯವಾಗಿದ್ದರೆ ನಾಚಿಕೆಪಟ್ಟು ಮುಚ್ಚಿಡಬೇಡಿ.

ತಂತಿ ಕಣದ ಬಾಗಿಲಿಗೆ ಬಂದ ಮೇಲೆ ಒಳಗಿನ ಕೊಠಡಿಗೆ ಒಯ್ಯುವ ಜವಾನನೊಬ್ಬ ಬೇಕು. ಇಂಟರ್‌ಲ್ಯೂಕಿನ್ 6ರಂಥ ಹಲವು ತಂತಿಗಳಿಗೆ ಆ ಕೆಲಸ ಮಾಡುವವು ಜಾಕ್ ಎಂಬ ಗುಂಪಿನ ನಾಲ್ಕು ಕಿಣ್ವಗಳು. ಅವನ್ನು ತಡೆಯುವ ಟೋಫಾಸಿಟಿನಿಬ್ ಎಂಬ ಮಾತ್ರೆ 2012ರಲ್ಲಿ ಅಮೆರಿಕದಲ್ಲಿ ಬಂತು, ಈಗ ನಮ್ಮ ದೇಶದ ಕಂಪನಿಗಳೂ ತಯಾರಿಸುತ್ತಿವೆ. ಹೃದಯದ ತೊಂದರೆ ಇರುವವರು, ಬೀಡಿ ಸಿಗರೇಟು ಸೇದುವವರು ಮತ್ತು ವಯಸ್ಸಾದವರ ವಿಷಯದಲ್ಲಿ ಇದಕ್ಕೆ 2021ರಲ್ಲಿ ಕಟ್ಟುನಿಟ್ಟಿನ ಎಚ್ಚರಿಕೆ ಬಂದಿದೆ. ಆದ್ದರಿಂದ ಪಕ್ಕದ ಮನೆಯವರ ಚೀಟಿ ತೋರಿಸಿ ಕೊಳ್ಳುವ ಮಾತ್ರೆ ಇದಲ್ಲ.

ನಮ್ಮ ಮಡಕಶಿರಾದಿಂದ ಬಸ್ಸು ಹತ್ತಿದರೆ ಅರ್ಧ ದಿನದೊಳಗೆ ತಲುಪುವ ಬೆಂಗಳೂರಿನಲ್ಲೂ ಇಂಥ ಕೆಲಸ ನಡೆದಿದೆ. ಅಲ್ಲಿನ ಬಯೋಕಾನ್ ಕಂಪನಿ ಕ್ಯೂಬಾ ದೇಶದ ಹವಾನಾದ ಅಣುಪ್ರತಿರಕ್ಷಾ ಕೇಂದ್ರದೊಡನೆ ಸೇರಿ ಇಟೋಲಿಝುಮಾಬ್ ಎಂಬ ಚುಚ್ಚುಮದ್ದನ್ನು ಬೆಳೆಸಿ 2013ರಲ್ಲಿ ಮಾರುಕಟ್ಟೆಗೆ ತಂದಿತು. ಅದು ಕೀಲುವಾತಕ್ಕಲ್ಲ, ಇದೇ ವಂಶದ ಚರ್ಮರೋಗವಾದ ಸೋರಿಯಾಸಿಸ್‌ಗೆ. ಟಿ ಕಣದ ಮೈಮೇಲೆ ಸಿ.ಡಿ. 6 ಎಂಬ ಒಂದು ಕೊಕ್ಕೆ ಇದೆ. ಅದು ಪಕ್ಕದ ಕಣವನ್ನು ಹಿಡಿದುಕೊಂಡಾಗ ಟಿ ಕಣಕ್ಕೆ ಮೇಲೊಂದು ಉತ್ತೇಜನ ಸಿಗುತ್ತದೆ. ಈ ಮದ್ದು ಆ ಕೊಕ್ಕೆಗೆ ಅಂಟಿಕೊಂಡು ಉತ್ತೇಜನವನ್ನು ತಗ್ಗಿಸುತ್ತದೆ. ಇಂಥ ಚುಚ್ಚುಮದ್ದುಗಳ ಬೆಲೆ ಮಾತ್ರ ಕೂಲಿ ಮಾಡುವ ಕುಟುಂಬಕ್ಕೆ ಇಂದಿಗೂ ದೂರದ ಮಾತು. ಆದ್ದರಿಂದಲೇ ಸುಬ್ಬರಾವ್ ತಂಡದ ಹಳೆಯ ಮಾತ್ರೆಯ ಮೇಲೆ ನನಗೆ ಹೆಚ್ಚು ಅಭಿಮಾನ.

ಇಷ್ಟು ಹೇಳಿ ತನಿಖೆಯವರ ವಿಷಯ ಬಿಟ್ಟರೆ ಲೆಕ್ಕ ತಾಳೆಯಾಗದು. ಬ್ಯಾಂಕಿಗೆ ಇನ್‌ಸ್ಪೆಕ್ಷನ್ ತಂಡ ಬರುವಂತೆ ದೇಹದಲ್ಲೂ ಮಿಕ್ಕ ಟಿ ಕಣಗಳನ್ನು ಹದ್ದುಬಸ್ತಿನಲ್ಲಿಡುವ ಒಂದು ಬಗೆಯ ಟಿ ಕಣಗಳಿವೆ. ಜಪಾನಿನ ಶಿಮೋನ್ ಸಕಾಗುಚಿ 1995ರಲ್ಲಿ ಅವನ್ನು ಗುರುತಿಸಿದರು. ಅಮೆರಿಕದ ಮೇರಿ ಬ್ರಂಕೋ ಮತ್ತು ಫ್ರೆಡ್ ರಾಮ್ಸ್‌ಡೆಲ್ 2001ರಲ್ಲಿ, ಹುಟ್ಟಿದ ಕೆಲವೇ ವಾರಗಳಲ್ಲಿ ಮೈಯೆಲ್ಲ ಹುಣ್ಣಾಗಿ ಸಾಯುತ್ತಿದ್ದ ಒಂದು ಜಾತಿಯ ಇಲಿಗಳಲ್ಲಿ ಕೆಟ್ಟಿದ್ದ ಜೀನನ್ನು ಕಂಡುಹಿಡಿದರು. ಆ ಜೀನ್ ಇಲ್ಲದೆ ಈ ತನಿಖೆಯ ಕಣಗಳು ತಯಾರಾಗುವುದಿಲ್ಲವೆಂದು ಆಮೇಲೆ ಗೊತ್ತಾಯಿತು. ಮೂವರಿಗೂ 2025ರ ನೊಬೆಲ್ ಬಹುಮಾನ ಬಂತು. ಕೀಲುವಾತದವರ ಕೀಲಿನಲ್ಲಿ ಈ ತನಿಖೆಯವರು ಇಲ್ಲದೆ ಇಲ್ಲ, ಆದರೆ ಟಿ.ಎನ್.ಎಫ್. ತಂತಿಗಳ ಗದ್ದಲದಲ್ಲಿ ಅವರ ಕೈ ಸೋಲುತ್ತದೆ ಎಂದು ಕಂಡುಬಂದಿದೆ. ಅವನ್ನೇ ಬೆಳೆಸಿ ಮದ್ದಾಗಿ ಕೊಡುವ ಪ್ರಯತ್ನಗಳು ನಡೆಯುತ್ತಿವೆ.

ಇನ್ನು ಮೆಥೊಟ್ರೆಕ್ಸೇಟ್ ತೆಗೆದುಕೊಳ್ಳುವ ಮನೆಯವರಿಗೆ ಒಂದೆರಡು ಮಾತು. ಇದು ವಾರಕ್ಕೆ ಒಂದು ದಿನದ ಮಾತ್ರೆ. ದಿನವೂ ನುಂಗಿ ಬಾಯೆಲ್ಲ ಹುಣ್ಣಾಗಿ, ರಕ್ತಕಣ ಇಳಿದು ಪ್ರಾಣ ಬಿಟ್ಟವರು ನಮ್ಮ ದೇಶದಲ್ಲಿದ್ದಾರೆ. ಚೀಟಿಯನ್ನು ಇಂಗ್ಲಿಷಿನಲ್ಲಿ ಬರೆದಿರುತ್ತಾರೆ. ತೋರಿಸಿದ್ದು ತುಮಕೂರಿನಲ್ಲೋ ಬಳ್ಳಾರಿಯಲ್ಲೋ, ಮಾತ್ರೆ ಕೊಂಡದ್ದು ನಮ್ಮೂರಿನಲ್ಲಿ, ಅಂಗಡಿಯವನು ಹೇಳಿದ್ದು ತೆಲುಗಿನಲ್ಲಿ, ಕೇಳಿಸಿಕೊಂಡ ಅಜ್ಜಿಗೆ ಬರುವುದು ಕನ್ನಡ. ಇಂಥ ಕಡೆ ‘ವಾರಕ್ಕೊಮ್ಮೆ’ ಎಂದು ಬರೆಸಿದರೆ ಸಾಲದು, ದಿನದ ಹೆಸರನ್ನೇ ಬರೆಸಿ. ಸೋಮವಾರ, ಬುಧವಾರ, ಶುಕ್ರವಾರ ಎಂದರೆ ಎರಡು ಭಾಷೆಯಲ್ಲೂ ಒಂದೇ. ನಮ್ಮ ಭಾನುವಾರ ಮಾತ್ರ ಅವರಿಗೆ ಆದಿವಾರ, ಆ ದಿನವನ್ನು ಬಿಟ್ಟು ಬೇರೆ ಆರಿಸಿಕೊಳ್ಳುವುದು ಲೇಸು. ವೈದ್ಯರು ಹೇಳಿದಂತೆ ಬೇರೆ ದಿನ ಫೋಲಿಕ್ ಆಮ್ಲದ ಮಾತ್ರೆ ನುಂಗಬೇಕು. ಎರಡು ಮಾತ್ರೆಗಳನ್ನೂ ಒಂದೇ ಡಬ್ಬಿಯಲ್ಲಿ ಹಾಕಬೇಡಿ, ಎರಡರ ಬಣ್ಣವೂ ಒಂದೇ ಆಗಿದ್ದರೆ ತಪ್ಪುವುದು ಸುಲಭ. ಹೆಂಡ, ಸಾರಾಯಿ ಇದರೊಡನೆ ಸೇರಿದರೆ ಯಕೃತ್ತಿಗೆ ಹಾನಿ. ಮಗು ಬೇಕೆನ್ನುವ ಹೆಣ್ಣುಮಕ್ಕಳು ಗರ್ಭ ಧರಿಸುವ ಕೆಲವು ತಿಂಗಳು ಮುಂಚೆಯೇ ವೈದ್ಯರಿಗೆ ತಿಳಿಸಿ ಇದನ್ನು ಬದಲಿಸಿಕೊಳ್ಳಬೇಕು. ಹೊಟ್ಟೆಯ ಕೂಸಿಗೆ ಇದು ಆಗದು. ಹೊಸ ಸೊಸೆ ಅತ್ತೆಯ ಮನೆಯಲ್ಲಿ ಮುಚ್ಚಿಟ್ಟು ನುಂಗುತ್ತಿದ್ದರೆ ಈ ಅಪಾಯ ಇನ್ನೂ ಹೆಚ್ಚು.

ಮಾತ್ರೆ ಹಿಡಿದ ಮೇಲೆ ವೈದ್ಯರು ಹೇಳಿದ ಅವಧಿಗೆ ಸರಿಯಾಗಿ ರಕ್ತ ಪರೀಕ್ಷೆ ಮಾಡಿಸಬೇಕು. ರಕ್ತಕಣಗಳ ಲೆಕ್ಕ, ಯಕೃತ್ತಿನ ಲೆಕ್ಕ, ಮೂತ್ರಪಿಂಡದ ಲೆಕ್ಕ, ಈ ಮೂರೂ ಅದರಲ್ಲಿರಲಿ. ಆ ಕಾಗದಗಳನ್ನು ದಿನಾಂಕದ ಪ್ರಕಾರ ಒಂದು ದಾರದಲ್ಲಿ ಪೋಣಿಸಿಟ್ಟುಕೊಂಡು, ಪ್ರತಿ ಸಲವೂ ಪೂರಾ ಕಟ್ಟನ್ನೇ ವೈದ್ಯರ ಮುಂದಿಡಿ.